ಉಣ್ಣಿ, ಜ್ವರ ಮತ್ತು ರಕ್ತದಾನ: ದಾನಿ ಮುಚ್ಚಿಡಬಾರದ ಮಾತು

(ಸಂಘದ ವಾರ್ಷಿಕ ಸಮಾರಂಭದ ಅಂಗವಾಗಿ ನಡೆದ ರಕ್ತದಾನ ಶಿಬಿರದ ಮುನ್ನಾದಿನ ಮಾಡಿದ ಭಾಷಣದ ಬರಹರೂಪ)



 

ನಾಳೆ ಬೆಳಿಗ್ಗೆ ಇದೇ ಸಭಾಂಗಣದಲ್ಲಿ ನಮ್ಮ ಸಂಘದ ರಕ್ತದಾನ ಶಿಬಿರ ನಡೆಯಲಿದೆ. ರಕ್ತದಾನ ಶ್ರೇಷ್ಠದಾನ ಎಂಬ ಫಲಕ ಈಗಾಗಲೇ ಬಾಗಿಲ ಮೇಲೆ ಬಂದಿದೆ. ಉರ್ದುವಿನಲ್ಲಿ ನಾವು ಇದನ್ನು ಅತಿಯಾ-ಎ-ಖೂನ್ ಅನ್ನುತ್ತೇವೆ. ಅತಿಯಾ ಅಂದರೆ ಕಾಣಿಕೆ. ಕಾಣಿಕೆ ಕೊಡುವವನು ಒಳ್ಳೆಯದನ್ನೇ ಆರಿಸಿ ಕೊಡಬೇಕು ಎಂಬುದು ನಮ್ಮ ಹಿರಿಯರು ಹೇಳಿಕೊಟ್ಟ ಪಾಠ. ರಕ್ತ ಯಾಕೆ ಕೊಡಬೇಕು ಎಂಬ ಬಗ್ಗೆ ನಾಳೆ ಡಾಕ್ಟರ ಸಾಹೇಬರು ನನಗಿಂತ ಚೆನ್ನಾಗಿ ಹೇಳುತ್ತಾರೆ. ಯಾವಾಗ ಕೊಡಬಾರದು, ಕೊಡುವ ಮುಂಚೆ ಯಾವ ಮಾತನ್ನು ಮುಚ್ಚಿಡಬಾರದು ಎಂಬುದನ್ನು ಇವತ್ತು ನಾನು ಹೇಳಬೇಕೆಂದಿದ್ದೇನೆ.

ನಾನು ಡಾಕ್ಟರನಲ್ಲ. ಉರ್ದು, ಕನ್ನಡ ಕಲಿಸುವ ಮಾಸ್ತರ. ಆದರೆ ಓದಿ ತಿಳಿದುಕೊಂಡದ್ದನ್ನು ನಾಲ್ಕು ಮಂದಿಗೆ ತಿಳಿಯುವ ಹಾಗೆ ಹೇಳುವುದು ನನ್ನ ಉದ್ಯೋಗ. ಅಲ್ಲದೆ ನಮ್ಮ ಘಟಪ್ರಭೆ ಆರೋಗ್ಯ ಸೇವೆಗೆ ಹೆಸರಾದ ಊರು. ಸೇವಾದಳದ ಡಾ. ನಾ. ಸು. ಹರ್ಡೀಕರ ಅವರಂಥವರು ದುಡಿದ ಕರ್ನಾಟಕ ಆರೋಗ್ಯಧಾಮ ಇರುವುದು ಇಲ್ಲಿಯೇ. ಇಂಥ ಊರಿನವರು ಆರೋಗ್ಯದ ಮಾತನ್ನು ಡಾಕ್ಟರರಿಗೇ ಬಿಟ್ಟು ಸುಮ್ಮನೆ ಕೂರುವುದು ಸರಿಯಲ್ಲ.

ಉಣ್ಣಿ ಎಂಬ ಸಣ್ಣ ಜೀವಿ

ಉಣ್ಣಿಯನ್ನು ನೋಡದವರು ನಮ್ಮಲ್ಲಿ ಯಾರೂ ಇಲ್ಲ. ಎಮ್ಮೆಯ ಕಿವಿಯ ಒಳಗೆ, ಆಕಳ ಕೆಚ್ಚಲ ಹತ್ತಿರ, ನಾಯಿಯ ಕುತ್ತಿಗೆಯಲ್ಲಿ ಅವರೆಕಾಳಿನಂತೆ ಉಬ್ಬಿ ಕಚ್ಚಿಕೊಂಡಿರುತ್ತದೆ. ಮಲೆನಾಡಿನವರು ಇದನ್ನು ಉಣುಗು ಅನ್ನುತ್ತಾರೆ. ನಮ್ಮ ಮರಾಠಿ ಬಾಂಧವರು ಗೋಚೀಡ ಅನ್ನುತ್ತಾರೆ. ಉರ್ದುವಿನಲ್ಲಿ ಚಿಚಡಿ. ಹೆಸರು ಏನೇ ಇರಲಿ, ಅದರ ಕೆಲಸ ಒಂದೇ, ರಕ್ತ ಹೀರುವುದು.

ಉಣ್ಣಿ ಕೀಟವಲ್ಲ; ಚೇಳು, ಜೇಡಗಳ ಬಳಗದ್ದು. ತತ್ತಿಯಿಂದ ಹೊರಬಂದ ಮರಿಗೆ ಆರು ಕಾಲು. ಒಂದು ಸಲ ಹೊಟ್ಟೆ ತುಂಬ ರಕ್ತ ಕುಡಿದು, ಪೊರೆ ಬಿಟ್ಟು, ಎಂಟು ಕಾಲಿನ ಎಳೆ ಉಣ್ಣಿಯಾಗುತ್ತದೆ. ಇನ್ನೊಂದು ಸಲ ಕುಡಿದು ದೊಡ್ಡದಾಗುತ್ತದೆ. ಹೀಗೆ ಒಂದೊಂದು ಹಂತದಲ್ಲಿ ಒಂದೊಂದು ಪ್ರಾಣಿಯ ರಕ್ತ ಕುಡಿಯುವ ಜಾತಿಗಳು ಬಹಳ ಇವೆ. ಇಲಿಯಿಂದ ಮಂಗಕ್ಕೆ, ಮಂಗದಿಂದ ಮನುಷ್ಯನಿಗೆ ರೋಗದ ಬೀಜ ಸಾಗುವುದು ಇದೇ ದಾರಿಯಲ್ಲಿ. ಮನುಷ್ಯನಿಗೆ ಹೆಚ್ಚಾಗಿ ಕಚ್ಚುವುದು ಎಳೆ ಉಣ್ಣಿ. ಅದು ಸಾಸಿವೆ ಕಾಳಿಗಿಂತ ಸಣ್ಣದು. ಕಚ್ಚಿದರೆ ನೋವೂ ಆಗುವುದಿಲ್ಲ. ಆದ್ದರಿಂದಲೇ ಉಣ್ಣಿ ಜ್ವರ ಬಂದ ಅನೇಕರು "ನನಗೆ ಯಾವ ಉಣ್ಣಿಯೂ ಕಚ್ಚಿಲ್ಲ" ಎಂದು ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಗೊತ್ತೇ ಆಗಿರುವುದಿಲ್ಲ. ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ಇದರ ಕೆಲಸವಿದೆ.

ಹಾವು, ಚೇಳು, ಹುಚ್ಚುನಾಯಿಗೆ ನಾವು ಹೆದರುತ್ತೇವೆ. ಉಣ್ಣಿಯನ್ನು ಮಾತ್ರ ಉಗುರಿನಿಂದ ಕಿತ್ತು ಎಸೆಯುತ್ತೇವೆ. ಆದರೆ ಹುಳ-ಹುಪ್ಪಡಿಗಳು ರೋಗ ಹರಡಬಲ್ಲವು ಎಂಬುದಕ್ಕೆ ಜಗತ್ತಿಗೆ ಸಿಕ್ಕ ಮೊದಲ ಗಟ್ಟಿ ಪುರಾವೆಗಳಲ್ಲಿ ಒಂದು ಉಣ್ಣಿಯಿಂದಲೇ ಬಂದದ್ದು. 1893ರಲ್ಲಿ ಅಮೇರಿಕೆಯ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬ ವಿಜ್ಞಾನಿಗಳು ದನಗಳ ಜ್ವರವೊಂದು ಉಣ್ಣಿಯಿಂದ ಹರಡುತ್ತದೆ ಎಂದು ತೋರಿಸಿಕೊಟ್ಟರು. ಸೊಳ್ಳೆಯಿಂದ ಮಲೇರಿಯಾ ಹರಡುವುದನ್ನು ರೊನಾಲ್ಡ್ ರಾಸ್ ಅವರು ನಮ್ಮ ದೇಶದಲ್ಲಿ ಕಂಡುಹಿಡಿದದ್ದು ಅದಾದ ನಾಲ್ಕು ವರ್ಷಗಳ ನಂತರ, 1897ರಲ್ಲಿ.

ನಮ್ಮ ನಾಡಿನ ಮಂಗನ ಕಾಯಿಲೆ

ಈಗ ನಮ್ಮ ಕರ್ನಾಟಕದ ಮಾತಿಗೆ ಬರೋಣ. 1957ನೇ ಇಸವಿ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ನಾವು ಮುಶ್ಯಾ ಅನ್ನುವ ಕಪ್ಪು ಮುಖದ ಮಂಗ ಮತ್ತು ಕೆಂಪು ಮುಖದ ಸಾಮಾನ್ಯ ಮಂಗ, ಎರಡೂ ಸತ್ತವು. ಅದೇ ಹೊತ್ತಿಗೆ ಕಾಡಿಗೆ ಸೌದೆ, ಸೊಪ್ಪು ತರಲು ಹೋದ ಬಡವರು ವಿಪರೀತ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಪರೀಕ್ಷೆ ಮಾಡಿ, ಇದು ಜಗತ್ತಿಗೇ ಹೊಸದಾದ ಒಂದು ವೈರಸ್ ಎಂದು ಕಂಡುಕೊಂಡರು. ಕಾಡಿನ ಹೆಸರೇ ರೋಗಕ್ಕೆ ಬಂತು, ಕ್ಯಾಸನೂರು ಕಾಡಿನ ಕಾಯಿಲೆ. ಜನರು ಮಂಗನ ಕಾಯಿಲೆ ಎಂದರು. ಪಾಪ, ಮಂಗನ ತಪ್ಪೇನೂ ಇಲ್ಲ. ಅದೂ ನಮ್ಮಂತೆ ರೋಗಿಯೇ. ಮಂಗ ಸತ್ತಾಗ ಅದರ ಮೈಮೇಲಿನ ಉಣ್ಣಿಗಳು ನೆಲಕ್ಕೆ ಉದುರಿ ಸುತ್ತಮುತ್ತಲಿನ ಹುಲ್ಲು, ತರಗೆಲೆಗಳಲ್ಲಿ ಹರಡುತ್ತವೆ. ಅಲ್ಲಿ ಕಾಲಿಟ್ಟವರಿಗೆ ಅಪಾಯ.

ಉಣ್ಣಿ ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಒಮ್ಮೆಲೆ ಚಳಿ-ಜ್ವರ, ತಲೆ ಒಡೆಯುವಂಥ ನೋವು, ಮೈಕೈ ನೋವು, ವಾಂತಿ, ಭೇದಿ ಶುರುವಾಗುತ್ತವೆ. ಕೆಲವರಿಗೆ ಮೂಗು, ಒಸಡುಗಳಿಂದ ರಕ್ತ ಬರುತ್ತದೆ. ಕೆಲವರಿಗೆ ಜ್ವರ ಇಳಿದು, ಒಂದೆರಡು ವಾರ ಬಿಟ್ಟು ಮತ್ತೆ ಬಂದು ಮಿದುಳಿಗೆ ತೊಂದರೆ ಕೊಡುತ್ತದೆ. ರೋಗ ಬಂದ ನೂರು ಜನರಲ್ಲಿ ಮೂರರಿಂದ ಐದು ಜನ ತೀರಿಕೊಳ್ಳುತ್ತಾರೆ. ಈ ವೈರಸ್ಸನ್ನೇ ಕೊಲ್ಲುವ ಔಷಧವಿಲ್ಲ. ಆದರೆ ಬೇಗ ದವಾಖಾನೆಗೆ ಸೇರಿಸಿ ಆರೈಕೆ ಮಾಡಿದರೆ ಹೆಚ್ಚಿನವರು ಬದುಕುತ್ತಾರೆ. ಹಿಂದೆ ಒಂದು ಲಸಿಕೆ ಇತ್ತು. ಅದರ ಶಕ್ತಿ ಸಾಲದೆಂದು ಕಂಡುಬಂದು 2022ರಲ್ಲಿ ಕೊಡುವುದನ್ನು ನಿಲ್ಲಿಸಿದರು. ಹೊಸ ಲಸಿಕೆಯನ್ನು ಸಿದ್ಧಪಡಿಸುವ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೊಂಡಿದೆ.

"ಮಾಸ್ತರೆ, ಇದು ಮಲೆನಾಡಿನ ರೋಗ. ನಮ್ಮ ಬಯಲುಸೀಮೆಗೆ ಏನು ಸಂಬಂಧ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಕಬ್ಬಿನ ಗದ್ದೆಗಳಲ್ಲಿ ಕ್ಯಾಸನೂರಿನಂಥ ಕಾಡಿಲ್ಲ. ಆದರೆ ಆ ರೋಗವೂ ಒಂದೇ ಕಡೆ ಕೂತಿಲ್ಲ. ಬಹಳ ವರ್ಷ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು, ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿಯೇ ಇದ್ದದ್ದು 2012ರಲ್ಲಿ ಚಾಮರಾಜನಗರ ಜಿಲ್ಲೆಯ ಬಂಡೀಪುರದಲ್ಲಿ ಕಂಡಿತು. ಆಮೇಲೆ ಕೇರಳದ ವಯನಾಡು. 2015ರಲ್ಲಿ ಗೋವಾದ ಸತ್ತರಿ ತಾಲೂಕು. 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ದೋಡಾಮಾರ್ಗ. ನಕಾಶೆ ತೆಗೆದು ನೋಡಿ. ದೋಡಾಮಾರ್ಗ, ಸತ್ತರಿ ಎರಡೂ ನಮ್ಮ ಬೆಳಗಾವಿ ಜಿಲ್ಲೆಗೆ ಹೊಂದಿಕೊಂಡ ಘಟ್ಟದ ಆಚೆ ಬದಿಗೆ ಇವೆ. ಅದೇ 2016ರಲ್ಲಿ, ಗೇರು ಬೀಜದ ಹಂಗಾಮಿಗೆ ಗೋವಾ ಕಡೆ ಕೂಲಿಗೆ ಹೋದ ನಮ್ಮ ಬೆಳಗಾವಿ ಜಿಲ್ಲೆಯ ಕಾರ್ಮಿಕರಲ್ಲಿ ಈ ರೋಗ ಕಾಣಿಸಿಕೊಂಡಿತು.

ಗೋವಾಕ್ಕೆ ಹೋಗದ ಮನೆ ನಮ್ಮ ಓಣಿಯಲ್ಲಿ ಎಷ್ಟಿವೆ? ಗೌಂಡಿ ಕೆಲಸಕ್ಕೆ, ಲಾರಿ ಓಡಿಸಲು, ಕಾಯಿಪಲ್ಯೆ ವ್ಯಾಪಾರಕ್ಕೆ, ಗೇರು ತೋಟದ ಕೂಲಿಗೆ ನಮ್ಮ ಹುಡುಗರು ಹೋಗಿ ಬರುತ್ತಲೇ ಇರುತ್ತಾರೆ. ಇನ್ನೊಂದು ಮಾತು. ಮಂಗನ ಕಾಯಿಲೆಯ ಹಂಗಾಮು ನವೆಂಬರ್-ಡಿಸೆಂಬರಿನಿಂದ ಮೇ ತಿಂಗಳ ವರೆಗೆ. ನಮ್ಮ ಶಾಲೆಗಳ ಪ್ರವಾಸದ ಕಾಲವೂ ಡಿಸೆಂಬರ್-ಜನವರಿಯೇ. ಜೋಗ, ಸಾಗರ, ಸಿರಸಿ, ದಾಂಡೇಲಿ ಎಂದು ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ. ಜೋಗ ಇರುವ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ 2018ರ ಕೊನೆಗೆ ಶುರುವಾದ ಹಾವಳಿ 2019ರಲ್ಲಿ ಹಲವರ ಜೀವ ತೆಗೆಯಿತು. ಹಾಗೆಂದು ಪ್ರವಾಸ ನಿಲ್ಲಿಸಬೇಕೆಂದು ನಾನು ಹೇಳುವುದಿಲ್ಲ. ತಿಳಿದುಕೊಂಡು ಹೋಗೋಣ, ತಿಳಿದುಕೊಂಡು ಬರೋಣ. ರೋಗ ಬಸ್ಸಿನಲ್ಲಿಯೂ ಬರಬಲ್ಲದು.

ಉಣ್ಣಿಯಿಂದ ರಕ್ತದ ಚೀಲಕ್ಕೆ

ಒಂದು ವಿಷಯ ಮೊದಲೇ ಸ್ಪಷ್ಟವಾಗಲಿ. ಮಂಗನ ಕಾಯಿಲೆ ಹರಡುವುದು ಉಣ್ಣಿಯ ಕಡಿತದಿಂದ. ರೋಗಿಯ ಪಕ್ಕ ಕೂತರೆ, ಕೈ ಹಿಡಿದರೆ, ಒಂದೇ ತಟ್ಟೆಯಲ್ಲಿ ಉಂಡರೆ ಬರುವುದಿಲ್ಲ. ಆದ್ದರಿಂದ ರೋಗಿಯನ್ನು ದೂರ ಇಡುವುದು ತಪ್ಪು. ಹಾಗಾದರೆ ರಕ್ತದಾನದ ಮಾತು ಯಾಕೆ? ಜ್ವರ ಶುರುವಾದ ಮೇಲೆ ಸುಮಾರು ಹತ್ತು-ಹನ್ನೆರಡು ದಿನ ಈ ವೈರಸ್ ರೋಗಿಯ ರಕ್ತದಲ್ಲಿ ಓಡಾಡುತ್ತಿರುತ್ತದೆ. ಮೂರರಿಂದ ಆರನೇ ದಿನದಲ್ಲಿ ಅದು ಅತಿ ಹೆಚ್ಚು. ಉಣ್ಣಿ ಸೂಜಿಯ ಮೊನೆಯಷ್ಟು ಬಾಯಿಯಿಂದ ರೋಗ ದಾಟಿಸಬಲ್ಲದಾದರೆ, 350 ಮಿಲಿಲೀಟರ್ ರಕ್ತವನ್ನು ನೇರವಾಗಿ ನರಕ್ಕೆ ಹಾಕುವಾಗ ಎಷ್ಟು ಎಚ್ಚರ ಬೇಕು ಎಂದು ನೀವೇ ಲೆಕ್ಕ ಹಾಕಿ.

ಇದು ಬರೀ ಲೆಕ್ಕದ ಮಾತಲ್ಲ. ಮಂಗನ ಕಾಯಿಲೆಯ ವೈರಸ್ಸಿಗೆ ಯುರೋಪಿನಲ್ಲಿ ಒಂದು ದಾಯಾದಿ ವೈರಸ್ ಇದೆ. ಉಣ್ಣಿಯಿಂದಲೇ ಬಂದು ಮಿದುಳಿಗೆ ಜ್ವರ ತರುತ್ತದೆ. ಆ ರೋಗ ಇಬ್ಬರಿಗೆ ರಕ್ತ ಹಾಕಿಸಿಕೊಂಡದ್ದರಿಂದ ಬಂತು ಎಂದು ಫಿನ್‌ಲೆಂಡಿನ ವೈದ್ಯರು 1989ರಲ್ಲಿ ವರದಿ ಮಾಡಿದರು. ಅಮೇರಿಕೆಯಲ್ಲಿ ಕೊಲರಾಡೊ ಉಣ್ಣಿ ಜ್ವರ ರಕ್ತದ ಮೂಲಕ ದಾಟಿದ್ದು 1975ರಲ್ಲಿ ವರದಿಯಾಯಿತು. 1978ರಲ್ಲಿ ವರದಿಯಾದ ಇನ್ನೊಂದು ಪ್ರಕರಣ ಮನಸ್ಸಿಗೆ ನಾಟುವಂಥದ್ದು. ರಕ್ತ ಕೊಟ್ಟ ದಿನ ದಾನಿ ಚೆನ್ನಾಗಿಯೇ ಇದ್ದ. ಕೆಲವೇ ದಿನಗಳಲ್ಲಿ ಅವನಿಗೆ ಉಣ್ಣಿಯ ಚುಕ್ಕೆ ಜ್ವರ ಬಂತು, ತೀರಿಕೊಂಡ. ಅವನ ರಕ್ತ ಹಾಕಿಸಿಕೊಂಡವನಿಗೂ ಅದೇ ಜ್ವರ. ಸಕಾಲಕ್ಕೆ ಔಷಧ ಸಿಕ್ಕಿದ್ದರಿಂದ ಅವನು ಉಳಿದ.

ಎಲ್ಲಕ್ಕಿಂತ ಹೆಚ್ಚಿನ ಉದಾಹರಣೆಗಳು ಇರುವುದು ಬಬೀಸಿಯಾ ಎಂಬ ಪರೋಪಜೀವಿಯದು. ನಮ್ಮ ರೈತರಿಗೆ ಇದರ ಪರಿಚಯ ಬೇರೆ ರೀತಿಯಲ್ಲಿದೆ. ಉಣ್ಣಿ ಹತ್ತಿದ ಎಚ್.ಎಫ್., ಜರ್ಸಿ ಆಕಳಿಗೆ ಜ್ವರ ಬಂದು, ಮೂತ್ರ ಕೆಂಪಾಗಿ ಹೋಗುತ್ತದಲ್ಲ, ಆ ರೋಗದ ಬೀಜ ಇದೇ ಬಬೀಸಿಯಾ ಬಳಗದ್ದು. ಸ್ಮಿತ್ ಮತ್ತು ಕಿಲ್ಬೋರ್ನ್ ಅಭ್ಯಾಸ ಮಾಡಿದ ದನಗಳ ಜ್ವರವೂ ಇದೇ. ಇದು ಮಲೇರಿಯಾದ ಹಾಗೆ ಕೆಂಪು ರಕ್ತಕಣದ ಒಳಗೆ ಹೊಕ್ಕು ಕೂರುತ್ತದೆ. ಮನುಷ್ಯನಿಗೆ ಇದು ಬಂದ ಮೊದಲ ಪ್ರಕರಣ ತಿಳಿದುಬಂದದ್ದು ಯುಗೋಸ್ಲಾವಿಯಾ ದೇಶದಲ್ಲಿ, ನಮ್ಮ ಕ್ಯಾಸನೂರಿನ ವರ್ಷವಾದ 1957ರಲ್ಲಿಯೇ. ಅಮೇರಿಕೆಯ ಈಶಾನ್ಯ ಭಾಗದಲ್ಲಿ ಇದರ ಇನ್ನೊಂದು ಜಾತಿ ಜನರಲ್ಲಿ ಹರಡಿದೆ. ಗಟ್ಟಿ ಆರೋಗ್ಯದವನಿಗೆ ಇದು ಹತ್ತಿದರೆ ಜ್ವರವೂ ಬರದೆ ಇರಬಹುದು. ತಿಂಗಳುಗಟ್ಟಲೆ ಅವನ ರಕ್ತದಲ್ಲಿ ಇದು ಸದ್ದಿಲ್ಲದೆ ಇರುತ್ತದೆ. ರಕ್ತದ ಚೀಲವನ್ನು ತಣ್ಣಗಿನ ಪೆಟ್ಟಿಗೆಯಲ್ಲಿಟ್ಟರೂ ಸಾಯುವುದಿಲ್ಲ. ಆ ರಕ್ತ ಮುದುಕರಿಗೆ, ದಿನ ತುಂಬದೆ ಹುಟ್ಟಿದ ಕೂಸಿಗೆ, ಗುಲ್ಮ ತೆಗೆಸಿಕೊಂಡವರಿಗೆ ಹೋದರೆ ಜೀವಕ್ಕೇ ಅಪಾಯ.

1979ರಿಂದ 2009ರ ವರೆಗಿನ ಮೂವತ್ತು ವರ್ಷಗಳಲ್ಲಿ ಅಮೇರಿಕೆಯಲ್ಲಿ ರಕ್ತದ ಮೂಲಕ ಬಬೀಸಿಯಾ ದಾಟಿದ 160ಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವು. ಕೊನೆಗೆ 2019ರಲ್ಲಿ ಅಲ್ಲಿನ ಔಷಧ ಆಡಳಿತವು ಆ ರೋಗ ಇರುವ 14 ರಾಜ್ಯಗಳು ಮತ್ತು ರಾಜಧಾನಿಯಲ್ಲಿ ದಾನಿಗಳ ರಕ್ತವನ್ನು ಇದಕ್ಕಾಗಿಯೇ ಪರೀಕ್ಷಿಸಬೇಕೆಂದು ಸೂಚಿಸಿತು. ಅಷ್ಟು ಹಣ, ಅಷ್ಟು ಯಂತ್ರಗಳಿರುವ ದೇಶಕ್ಕೂ ಮೊದಲ ಪ್ರಕರಣದಿಂದ ಇಲ್ಲಿಗೆ ಬರಲು ನಲವತ್ತು ವರ್ಷ ಬೇಕಾಯಿತು.

ನಮ್ಮ ದೇಶದಲ್ಲಿ ರಕ್ತದ ಸಂಪರ್ಕದಿಂದಲೇ ಉಣ್ಣಿ ರೋಗ ದಾಟಿದ ಘಟನೆ 2011ರ ಜನವರಿಯದು. ಗುಜರಾತಿನ ಅಹಮದಾಬಾದಿನ ಹತ್ತಿರದ ಸಾಣಂದ ತಾಲೂಕಿನ ಹಳ್ಳಿಯ ಒಬ್ಬ ಹೆಣ್ಣುಮಗಳು ಕಾಂಗೋ ಜ್ವರದಿಂದ ತೀರಿಕೊಂಡಳು. ಆಕೆಗೆ ಚಿಕಿತ್ಸೆ ಮಾಡಿದ ಡಾಕ್ಟರ, ಆರೈಕೆ ಮಾಡಿದ ನರ್ಸ್ ಕೂಡ ಅದೇ ಜ್ವರದಿಂದ ಜೀವ ಕಳೆದುಕೊಂಡರು. ಕಾಂಗೋ ಜ್ವರವೂ ಉಣ್ಣಿಯದೇ. ದನ, ಕುರಿ, ಮೇಕೆಗಳ ಉಣ್ಣಿಯಿಂದ ಮತ್ತು ರೋಗ ತಗುಲಿದ ಪ್ರಾಣಿಯ ಅಥವಾ ಮನುಷ್ಯನ ಹಸಿ ರಕ್ತದಿಂದ ಅದು ಹರಡುತ್ತದೆ. ಬಕ್ರೀದಿಗೆ ಸಂತೆಯಿಂದ ಕುರಿ-ಹೋತ ತರುವ ನಮ್ಮ ಮನೆಗಳಿಗೆ ಇದರಲ್ಲೊಂದು ಪಾಠವಿದೆ. ಪ್ರಾಣಿಯ ಮೈಯಲ್ಲಿ ಉಣ್ಣಿ ಇದ್ದರೆ ಮೊದಲೇ ಪಶುವೈದ್ಯರಿಗೆ ತೋರಿಸಿ ಔಷಧ ಹೊಡೆಸಿ. ಮಕ್ಕಳು ಬರಿಗೈಯಿಂದ ಉಣ್ಣಿ ಕಿತ್ತು ಕಲ್ಲಿನಿಂದ ಜಜ್ಜುವ ಆಟ ಆಡದಂತೆ ನೋಡಿಕೊಳ್ಳಿ. ಕೊಯ್ಯುವವರು ಕೈಗವಸು ಹಾಕಿಕೊಳ್ಳಲಿ.

ಐದು ಪರೀಕ್ಷೆ, ಆರನೆಯದು ನಾಲಿಗೆ

ಈಗ ನಾಳಿನ ಶಿಬಿರಕ್ಕೆ ಬರೋಣ. ನಮ್ಮ ದೇಶದಲ್ಲಿ ದಾನಿಯ ಪ್ರತಿ ಚೀಲ ರಕ್ತಕ್ಕೆ ಐದು ಪರೀಕ್ಷೆ ಕಡ್ಡಾಯ: ಎಚ್‌ಐವಿ, ಹೆಪಟೈಟಿಸ್-ಬಿ, ಹೆಪಟೈಟಿಸ್-ಸಿ, ಸಿಫಿಲಿಸ್ ಮತ್ತು ಮಲೇರಿಯಾ. ಈ ಪಟ್ಟಿಯಲ್ಲಿ ಮಂಗನ ಕಾಯಿಲೆ ಇಲ್ಲ, ಕಾಂಗೋ ಜ್ವರ ಇಲ್ಲ, ಬಬೀಸಿಯಾ ಇಲ್ಲ. "ಹೆಂಗೂ ಟೆಸ್ಟ್ ಮಾಡ್ತಾರಲ್ಲ, ನಾವ್ಯಾಕ ಹೇಳಬೇಕು?" ಎನ್ನುವವರು ಈ ಮಾತನ್ನು ಗಮನಿಸಬೇಕು. ಯಂತ್ರ ತನಗೆ ಹುಡುಕಲು ಹೇಳಿದ್ದನ್ನಷ್ಟೇ ಹುಡುಕುತ್ತದೆ. ಉಳಿದದ್ದನ್ನು ಹೇಳಬೇಕಾದವನು ದಾನಿ. ಅದಕ್ಕೇ ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುವುದುಂಟು: ಪರೀಕ್ಷೆ ಐದಲ್ಲ, ಆರು. ಆರನೆಯದು ದಾನಿಯ ನಾಲಿಗೆ.

ರಕ್ತ ಕೊಡುವ ಮುಂಚೆ ಒಂದು ಪ್ರಶ್ನೆಗಳ ಹಾಳೆ ಕೊಡುತ್ತಾರೆ. ಬಹಳ ಜನ ಅದನ್ನು ಬ್ಯಾಂಕಿನ ಫಾರ್ಮಿನಂತೆ ನೋಡಿ ಎಲ್ಲದಕ್ಕೂ "ಇಲ್ಲ, ಇಲ್ಲ" ಎಂದು ಗುರುತು ಮಾಡಿ ಸಹಿ ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಒಂದೊಂದು ಪ್ರಶ್ನೆಯ ಹಿಂದೆ ಯಾವುದೋ ಊರಿನಲ್ಲಿ, ಯಾರದೋ ಮನೆಯಲ್ಲಿ ಆದ ಅನುಭವವಿದೆ.

ನಿಯಮಗಳನ್ನು ಸಂಕ್ಷಿಪ್ತವಾಗಿ ಹೇಳುತ್ತೇನೆ. ವಯಸ್ಸು 18ರಿಂದ 65. ತೂಕ ಕನಿಷ್ಠ 45 ಕಿಲೋ. ಹಿಮೋಗ್ಲೋಬಿನ್ 12.5 ಗ್ರಾಂ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಮಲೇರಿಯಾ ಬಂದು ಗುಣವಾದವರು ಮೂರು ತಿಂಗಳು, ಡೆಂಗ್ಯೂ ಅಥವಾ ಚಿಕೂನ್‌ಗುನ್ಯಾ ಬಂದವರು ಆರು ತಿಂಗಳು, ವಿಷಮಶೀತ ಜ್ವರ ಬಂದವರು ಒಂದು ವರ್ಷ ಕಾಯಬೇಕು. ಡೆಂಗ್ಯೂ ಹಾವಳಿಯ ಊರಿಗೆ ಹೋಗಿ ಬಂದವರು ಜ್ವರ ಬಾರದಿದ್ದರೂ ನಾಲ್ಕು ವಾರ ತಡೆಯಬೇಕು ಎಂದು ರಾಷ್ಟ್ರೀಯ ರಕ್ತ ಸಂಚಲನ ಪರಿಷತ್ತಿನ 2017ರ ಮಾರ್ಗಸೂಚಿ ಹೇಳುತ್ತದೆ.

ಈ ನಾಲ್ಕು ವಾರದ ಅಳತೆಯನ್ನೇ ಮಂಗನ ಕಾಯಿಲೆಯ ಸೀಮೆಯಿಂದ ಬಂದವರೂ ತಮಗೆ ತಾವೇ ಹಾಕಿಕೊಳ್ಳುವುದು ಜಾಣತನ ಎಂದು ನನ್ನ ಅನಿಸಿಕೆ. ಯಾಕೆಂದರೆ, ಮೊದಲೇ ಹೇಳಿದೆ, ಉಣ್ಣಿ ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಆದ್ದರಿಂದ "ಉಣ್ಣಿ ಕಚ್ಚಿತ್ತೇ?" ಎಂದು ನಿಮ್ಮನ್ನು ನೀವು ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ. "ಕಳೆದ ಒಂದು ತಿಂಗಳಲ್ಲಿ ನಾನು ಎಲ್ಲಿದ್ದೆ?" ಎಂದು ಕೇಳಿಕೊಳ್ಳಿ. ಅದಕ್ಕೆ ಉತ್ತರ ಎಲ್ಲರಿಗೂ ಗೊತ್ತು. ಗೋವಾದ ತೋಟ, ಸಿದ್ದಾಪುರದ ಕಾಡು, ಸಾಗರದ ಹಳ್ಳಿ, ಎಲ್ಲಿದ್ದಿರೋ ಅದನ್ನು ಡಾಕ್ಟರರಿಗೆ ಹೇಳಿ. ಕೊಡಬೇಕೋ ಬೇಡವೋ, ಎಷ್ಟು ದಿನ ಕಾಯಬೇಕೋ ಅವರೇ ತೀರ್ಮಾನಿಸುತ್ತಾರೆ. ಈಗಾಗಲೇ ಮಂಗನ ಕಾಯಿಲೆ ಬಂದು ಗುಣವಾದವರೂ ಅದನ್ನು ಹೇಳಲೇಬೇಕು.

ಕೊಟ್ಟ ಮೇಲೂ ದಾನಿಯ ಜವಾಬ್ದಾರಿ ಮುಗಿಯುವುದಿಲ್ಲ. ನಾವು ಕೊಟ್ಟ ರಕ್ತ ಅವತ್ತೇ ರೋಗಿಗೆ ಹೋಗುವುದಿಲ್ಲ. ಅದನ್ನು ಬೇರ್ಪಡಿಸುತ್ತಾರೆ. ಪ್ಲೇಟ್‌ಲೆಟ್ ಐದು ದಿನ ಬಾಳುತ್ತದೆ. ಕೆಂಪು ರಕ್ತಕಣಗಳನ್ನು 35 ದಿನ, ಕೆಲವು ಚೀಲಗಳಲ್ಲಿ 42 ದಿನ ಇಡಬಹುದು. ಪ್ಲಾಸ್ಮಾವನ್ನು ಹೆಪ್ಪುಗಟ್ಟಿಸಿ ಒಂದು ವರ್ಷ ಇಡಬಹುದು. ಅಂದರೆ, ನಾಳೆ ರಕ್ತ ಕೊಟ್ಟವನಿಗೆ ನಾಡಿದ್ದು ಜ್ವರ ಬಂದರೆ ಅವನ ರಕ್ತ ಬಹುಶಃ ಇನ್ನೂ ಕಪಾಟಿನಲ್ಲಿಯೇ ಇರುತ್ತದೆ. ಒಂದು ಫೋನು ಮಾಡಿ, "ನಾನು ಇಂಥ ದಿನ ಇಂಥ ಕಡೆ ರಕ್ತ ಕೊಟ್ಟಿದ್ದೆ, ಈಗ ಜ್ವರ ಬಂದಿದೆ" ಎಂದು ಹೇಳಿದರೆ ಆ ಚೀಲವನ್ನು ಅವರು ತೆಗೆದಿಡುತ್ತಾರೆ. ಒಂದು ಜೀವ ಉಳಿಸಲು ಎರಡು ನಿಮಿಷದ ಫೋನು ಸಾಕು. ದಾನಿಗೆ ಕೊಡುವ ಕಾರ್ಡಿನ ಮೇಲೆ ರಕ್ತ ಕೇಂದ್ರದ ನಂಬರು ಇರುತ್ತದೆ. ಅದನ್ನು ಕಿಸೆಯಲ್ಲಿಟ್ಟು ಮರೆಯಬೇಡಿ. ಎರಡು ವಾರ ಕೈಗೆ ಸಿಗುವ ಕಡೆ ಇಡಿ.

ಮರ್ಯಾದೆ ಮತ್ತು ಒತ್ತಾಯ

ಜನ ಸತ್ಯ ಹೇಳದಿರುವುದಕ್ಕೆ ಕೆಟ್ಟ ಬುದ್ಧಿ ಕಾರಣವಲ್ಲ. ಬಹಳ ಸಲ ಕಾರಣ ಸಂಕೋಚ. ಗೆಳೆಯರೆಲ್ಲ ಸಾಲಿನಲ್ಲಿ ನಿಂತಿದ್ದಾರೆ. ಒಬ್ಬನನ್ನು ಮಾತ್ರ ಡಾಕ್ಟರ ವಾಪಸು ಕಳಿಸಿದರೆ "ಏನಲೇ, ನಿನಗೇನಾಗೇತಿ?" ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕೆ ಹೆದರಿ ಹುಡುಗ ಸುಮ್ಮನೆ ತೋಳು ಚಾಚುತ್ತಾನೆ. ಮನೆಯಲ್ಲಿ ಯಾರಿಗಾದರೂ ಆಪರೇಶನ್ ಇದ್ದಾಗ ಇನ್ನೂ ಕಷ್ಟ. ದವಾಖಾನೆಯ ವರಾಂಡದಲ್ಲಿ ಹಿರಿಯರೆಲ್ಲ ಕೂತಿರುತ್ತಾರೆ. "ನಿನ್ನ ಸ್ವಂತ ಚಿಕ್ಕಮ್ಮಗ ಕೊಡಾಕ ಹಿಂದ ಮುಂದ ನೋಡ್ತಿ ಏನು?" ಎಂದು ಮಾಮಾ ಕೇಳುತ್ತಾನೆ. ನಿನ್ನೆಯಷ್ಟೇ ಗೋವಾದಿಂದ ಬಂದ ಹುಡುಗ, ಮೈ ಬಿಸಿ ಇದ್ದರೂ ಬಾಯಿ ಬಿಡುವುದಿಲ್ಲ. ಪ್ರೀತಿಯಿಂದಲೇ ಕೊಡುತ್ತಾನೆ. ಆದರೆ ಆ ಪ್ರೀತಿ ಚಿಕ್ಕಮ್ಮನಿಗೆ ಮುಳುವಾಗಬಹುದು.

ಹಿರಿಯರಲ್ಲಿ ನನ್ನ ಕಳಕಳಿಯ ವಿನಂತಿ ಏನೆಂದರೆ, ಯಾರನ್ನೂ ಒತ್ತಾಯ ಮಾಡಬೇಡಿ. "ಇವತ್ತು ನಾ ಕೊಡುವ ಹಾಗಿಲ್ಲ" ಎಂದವನಿಗೆ ಕಾರಣ ಕೇಳಬೇಡಿ. ಅವನು ಹೇಡಿಯಲ್ಲ, ಜಿಪುಣನೂ ಅಲ್ಲ. ಅವನು ರೋಗಿಯ ಹಿತ ನೋಡಿದ್ದಾನೆ. ವಾಪಸು ಬಂದ ದಾನಿಗೂ ಬಾಳೆಹಣ್ಣು, ಬಿಸ್ಕೀಟು, ಚಹಾ ಕೊಟ್ಟು ಕಳಿಸುವ ಪದ್ಧತಿಯನ್ನು ನಾಳೆಯಿಂದಲೇ ಶುರು ಮಾಡೋಣ.

ಹಣಕ್ಕಾಗಿ ರಕ್ತ ಮಾರುವುದನ್ನು ನಮ್ಮ ದೇಶದಲ್ಲಿ ನಿಲ್ಲಿಸಿದ್ದು ಇದೇ ಕಾರಣಕ್ಕೆ. ಸರ್ವೋಚ್ಚ ನ್ಯಾಯಾಲಯದ 1996ರ ತೀರ್ಪಿನಂತೆ 1998ರ ಜನವರಿಯಿಂದ ಅದಕ್ಕೆ ನಿಷೇಧ ಬಂತು. ಹಣಕ್ಕಾಗಿ ಕೊಡುವವನು ರೋಗ ಮುಚ್ಚಿಡುತ್ತಾನೆ. ನಾಚಿಕೆಗೆ ಅಥವಾ ಒತ್ತಾಯಕ್ಕೆ ಕೊಡುವವನೂ ಅದನ್ನೇ ಮಾಡಬಹುದು. ಮನಸಾರೆ, ಯಾರ ಭಯವೂ ಇಲ್ಲದೆ ಕೊಡುವವನ ರಕ್ತವೇ ಎಲ್ಲಕ್ಕಿಂತ ಸುರಕ್ಷಿತ.

ಹೆದರಿ ಹಿಂದೆ ಸರಿಯಬೇಡಿ

ಇಷ್ಟೆಲ್ಲ ಕೇಳಿ ನಾಳೆ ಯಾರೂ ಶಿಬಿರಕ್ಕೆ ಬರದಿದ್ದರೆ ನನ್ನ ಮಾತು ವ್ಯರ್ಥವಾದಂತೆ. ಲೆಕ್ಕ ಸರಿಯಾಗಿ ತಿಳಿಯಿರಿ. ರಕ್ತದ ಮೂಲಕ ಉಣ್ಣಿ ರೋಗ ಬರುವುದು ಅಪರೂಪ. ರಕ್ತ ಸಿಗದೆ ಜೀವ ಹೋಗುವುದು ಅಪರೂಪವಲ್ಲ. ಹೆರಿಗೆಯಲ್ಲಿ ರಕ್ತ ಹೋಗಿ ಬಿಳಿಚಿದ ತಾಯಿ, ರಸ್ತೆ ಅಪಘಾತದಲ್ಲಿ ಬಿದ್ದ ಬೈಕಿನ ಹುಡುಗ, ಎರಡು-ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಂಡೇ ಬದುಕಬೇಕಾದ ಥಲಸ್ಸೇಮಿಯಾದ ಮಕ್ಕಳು, ಇವರೆಲ್ಲ ನಮ್ಮ ದಾರಿ ಕಾಯುತ್ತಾರೆ. ರಕ್ತವನ್ನು ಯಾವ ಕಾರ್ಖಾನೆಯಲ್ಲಿಯೂ ಮಾಡಲು ಬರುವುದಿಲ್ಲ. ಥಲಸ್ಸೇಮಿಯಾದ ಮಗುವನ್ನೇ ನೆನೆಯಿರಿ. ವರ್ಷಕ್ಕೆ ಹತ್ತಿಪ್ಪತ್ತು ಜನ ಅಪರಿಚಿತರ ರಕ್ತ ಅದರ ಮೈಯಲ್ಲಿ ಹರಿಯುತ್ತದೆ. ಆ ಮಗುವಿಗೆ ಹೆಚ್ಚು ದಾನಿಗಳೂ ಬೇಕು, ನಿಜ ಹೇಳುವ ದಾನಿಗಳೂ ಬೇಕು. ದಾನಿಗೆ ಮಾತ್ರ ರಕ್ತ ಕೊಡುವುದರಿಂದ ಯಾವ ರೋಗವೂ ಬರುವುದಿಲ್ಲ. ಸೂಜಿ, ಚೀಲ ಎಲ್ಲವೂ ಹೊಸವು, ಒಂದೇ ಸಲ ಬಳಸುವಂಥವು.

ಕಾಡಿಗೆ, ತೋಟಕ್ಕೆ ಹೋಗುವವರಿಗೆ ಒಂದೆರಡು ಮಾತು. ತುಂಬು ತೋಳಿನ ಅಂಗಿ, ಕಾಲು ಮುಚ್ಚುವ ಬಟ್ಟೆ ಹಾಕಿ. ಉಣ್ಣಿ ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಎಣ್ಣೆ ಹಚ್ಚಿಕೊಳ್ಳಿ. ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಬಂದ ಕೂಡಲೇ ಬಿಸಿನೀರಿನಲ್ಲಿ ಸಾಬೂನು ಹಚ್ಚಿ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ಮೈಮೇಲೆ ಉಣ್ಣಿ ಇದ್ದರೆ ಬೀಡಿಯಿಂದ ಸುಡಬೇಡಿ, ಬೆರಳಿನಿಂದ ಹಿಸುಕಬೇಡಿ. ಚಿಮಟಿಗೆಯಿಂದ ಚರ್ಮಕ್ಕೆ ಹತ್ತಿಸಿ ಹಿಡಿದು ನೇರವಾಗಿ ಎಳೆದು ತೆಗೆಯಿರಿ. ಜ್ವರ ಬಂದರೆ ಅಂಗಡಿಯ ಗುಳಿಗೆ ನುಂಗಿ ಕೂರದೆ ದವಾಖಾನೆಗೆ ಹೋಗಿ, ಎಲ್ಲಿಗೆ ಹೋಗಿದ್ದಿರಿ ಎಂಬುದನ್ನು ಮೊದಲು ಹೇಳಿ. ಬಯಲುಸೀಮೆಯ ಡಾಕ್ಟರರಿಗೆ ಮಂಗನ ಕಾಯಿಲೆಯ ನೆನಪು ಬರುವುದು ನಿಮ್ಮ ಆ ಒಂದು ಮಾತಿನಿಂದ.

ಕೊನೆಯದಾಗಿ ನಮ್ಮ ಸಂಘಕ್ಕೆ ಮೂರು ಸೂಚನೆಗಳನ್ನು ಮುಂದಿಡುತ್ತೇನೆ. ಒಂದು, ಪ್ರಶ್ನೆಗಳ ಹಾಳೆಯನ್ನು ಓದಲು ಬಾರದವರಿಗೆ ಕನ್ನಡ ಮತ್ತು ಉರ್ದುವಿನಲ್ಲಿ ಓದಿ ಹೇಳುವ ಸ್ವಯಂಸೇವಕರು ಇರಲಿ. ಹೆಣ್ಣುಮಕ್ಕಳಿಗೆ ಹೆಣ್ಣುಮಕ್ಕಳೇ ಓದಲಿ. ಎರಡು, ಆ ಮಾತುಕತೆ ಸಾಲಿನ ಮುಂದೆ ಬೇಡ, ಪರದೆಯ ಹಿಂದೆ ಒಬ್ಬೊಬ್ಬರಾಗಿ ನಡೆಯಲಿ. ಮೂರು, ಕಳೆದ ಒಂದು ತಿಂಗಳಲ್ಲಿ ಎಲ್ಲಿಗೆ ಹೋಗಿದ್ದಿರಿ ಎಂಬ ಪ್ರಶ್ನೆಯನ್ನು ಎಲ್ಲರಿಗೂ ತಪ್ಪದೆ ಕೇಳಲಿ. ಹಿರಿಯ ತರಗತಿಯ ವಿದ್ಯಾರ್ಥಿಗಳು ಈ ಕೆಲಸಕ್ಕೆ ಮುಂದೆ ಬರಬೇಕು. 18 ತುಂಬದ ಕಾರಣ ರಕ್ತ ಕೊಡಲಾಗದ ನಿಮಗೆ ಇದೂ ಒಂದು ದಾನವೇ. ನೀವು ಕಲಿತ ಎರಡು ಭಾಷೆಗಳಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ಯಾವುದು?

ನಾಳೆ ಬೆಳಿಗ್ಗೆ ಚೆನ್ನಾಗಿ ನಾಷ್ಟಾ ಮಾಡಿಕೊಂಡು, ನೀರು ಕುಡಿದು, ನಿಜ ಹೇಳುವ ಮನಸ್ಸು ಇಟ್ಟುಕೊಂಡು ಎಲ್ಲರೂ ಬನ್ನಿ. ಕೊಡುವಂತಿದ್ದರೆ ಕೊಡಿ. ಕೊಡುವಂತಿಲ್ಲದಿದ್ದರೆ ಹೇಳಿ, ಮುಂದಿನ ಸಲ ಕೊಡಿ.